ಎರಡನೇ ಬ್ರೇಕ್

ಮೊದಲ ದಿನ ಅವಳು ಬಂದು ಕೂತದ್ದು ನನ್ನ ಸೀಟಿನಲ್ಲಿ.

ಡ್ರೈವಿಂಗ್ ಕಲಿಯುವವರು ಸ್ಟಿಯರಿಂಗ್ ಮುಂದೆ ಕೂರಬೇಕು, ಕಲಿಸುವವನು ಪಕ್ಕದಲ್ಲಿ. ಚಿಕ್ಕ ಮಗುವಿಗೂ ಗೊತ್ತಿರುವ ಸಂಗತಿ. ನಾನು ಟೀ ಕುಡಿದು ಬರುವಷ್ಟರಲ್ಲಿ ಈ ಮಹಾರಾಯಿತಿ ಪಕ್ಕದ ಸೀಟಿನಲ್ಲಿ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ನಿದ್ದೆ ಹತ್ತಿರಬೇಕು ಅಂದುಕೊಂಡು ಗಾಜು ತಟ್ಟಿದೆ.

"ಕಣ್ಣು ಮುಚ್ಕೊಂಡು ಓಡ್ಸೋದನ್ನ ನಾವಿಲ್ಲಿ ಕಲಿಸಲ್ಲ," ಅಂದೆ.

"ಪ್ರಾರ್ಥನೆ ಮಾಡ್ತಿದ್ದೆ."

"ಹಾಗಾದ್ರೆ ನನ್ನನ್ನೂ ಸೇರಿಸ್ಕೊಳ್ಳಿ. ನಾನೂ ಇದೇ ಕಾರಲ್ಲಿರ್ತೀನಿ."

ಅವಳು ಒಂದೇ ಕಣ್ಣು ತೆರೆದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮತ್ತೆ ಮುಚ್ಚಿದಳು. ತುಟಿ ಅಲುಗಿತು, ನಿಜವಾಗಿಯೂ ಸೇರಿಸಿಕೊಂಡಳು ಅನ್ನಿಸುತ್ತದೆ. ಆ ಒಂದು ಕಣ್ಣಿಗೇ ನಾನು ಅರ್ಧ ಸೋತಿದ್ದೆ. ಉಳಿದರ್ಧವನ್ನು ಮುಂದಿನ ವಾರಗಳಲ್ಲಿ ಕಂತಿನ ಮೇಲೆ ಸೋತೆ.

ಅವಳು ಹತ್ತಿರದ ಕ್ಲಿನಿಕ್ಕಿನಲ್ಲಿ ನರ್ಸ್. ನಮ್ಮದು ಒಂದೇ ಚರ್ಚು. ಅವಳೂ ಅವಳ ಅಮ್ಮನೂ ಮೊದಲನೇ ಬೆಂಚು, ನಾನು ಬಾಗಿಲ ಪಕ್ಕದ ಕೊನೇ ಬೆಂಚು. ಎಲ್ಲರೂ ಕೊನೆಯ ಆಮೆನ್ ಹೇಳುವಾಗ ನಾನು ಆಗಲೇ ಮೆಟ್ಟಿಲಿಳಿದಿರುತ್ತಿದ್ದೆ. ಹಾಗಾಗಿ ಅಲ್ಲಿಯವರೆಗೆ ಅವಳ ಜಡೆಯ ಪರಿಚಯವಿತ್ತೇ ಹೊರತು ಮುಖದ್ದಿರಲಿಲ್ಲ.

ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ಹೊಸ ಕೆಲಸವೊಂದು ಕ್ಲಿನಿಕ್ಕಿನಲ್ಲಿ ಹುಟ್ಟಿಕೊಂಡಿತ್ತು. ಕಾರು ಅವರೇ ಕೊಡುತ್ತಾರೆ, ಲೈಸೆನ್ಸ್ ಇರಬೇಕು. ತಿಂಗಳೊಳಗೆ ಅವಳು ಪಾಸಾಗದಿದ್ದರೆ ಕೆಲಸ ಬೇರೆಯವರಿಗೆ. ಆ ಕೆಲಸಕ್ಕಾಗಿ ಅವಳು ಹಂಬಲಿಸುತ್ತಿದ್ದ ರೀತಿ ನೋಡಿ ನನಗೆ ಆಶ್ಚರ್ಯವಾಗಿತ್ತು. ಬೆನ್ನು ಹುಣ್ಣಾದ ಮುದುಕರನ್ನು ಮಗ್ಗುಲು ತಿರುಗಿಸುವುದಕ್ಕೆ ಇಷ್ಟೊಂದು ಆಸೆಯೇ ಅಂತ ಕೇಳಿದೆ. ಮನೆಯ ಕಿಟಕಿ ಬಿಟ್ಟರೆ ಕ್ಲಿನಿಕ್ಕಿನ ಕಿಟಕಿ, ಇವೆರಡನ್ನು ನೋಡುತ್ತಲೇ ತನಗೆ ಮೂವತ್ತಾಯಿತು ಅಂದಳು.

ಕಲಿಕೆ ಶುರುವಾಯಿತು. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗೆ ಅವಳ ಒಂದು ಕಾಲು ಕ್ಲಚ್ ಒತ್ತುವಾಗ ಇನ್ನೊಂದು ಕಾಲಿಗೆ ಬೇರೇನೋ ಕೆಲಸ ನೆನಪಾಗುತ್ತಿತ್ತು. ಕಾರು ಕೆಮ್ಮಿ ನಿಲ್ಲುತ್ತಿತ್ತು. ಆದರೆ ಅವಳ ಕಣ್ಣು ಚುರುಕು. ರಸ್ತೆಯಲ್ಲಿ ನನಗಿಂತ ಮೊದಲು ಅವಳೇ ನೋಡಿರುತ್ತಿದ್ದಳು.

ನನ್ನ ಕಡೆಗೂ ಒಂದು ಕನ್ನಡಿಯಿದೆ, ಹಿಂದಿನ ಗಾಡಿ ನೋಡಲಿಕ್ಕೆ. ಎರಡನೇ ವಾರದ ಹೊತ್ತಿಗೆ ಅದು ಹೇಗೋ ವಾಲಿಕೊಂಡು ಅವಳ ಹುಬ್ಬನ್ನೂ, ಕಿವಿಯ ಹಿಂದೆ ನಿಲ್ಲದ ಒಂದೆಳೆ ಕೂದಲನ್ನೂ ತೋರಿಸುತ್ತಿತ್ತು.

"ಮೇಷ್ಟ್ರೇ, ನಿಮ್ಮ ಕನ್ನಡೀಲಿ ರಸ್ತೆ ಕಾಣ್ತಿದ್ಯಾ?"

"ಚೆನ್ನಾಗೇ ಕಾಣ್ತಿದೆ."

"ಹಾಗಾದ್ರೆ ಹಿಂದೆ ಹಾರ್ನ್ ಹೊಡೀತಿರೋದು ಯಾವ ಗಾಡಿ?"

ಯಾವುದೋ ಏನೋ. ನಾನು ತಲೆ ತುರಿಸಿಕೊಂಡೆ. ಅವಳು ರಸ್ತೆಯಿಂದ ಕಣ್ಣು ತೆಗೆಯದೆಯೇ ನಕ್ಕಳು. ಆ ಶಿಸ್ತನ್ನು ಕಲಿಸಿದ್ದು ನಾನೇ, ಅನುಭವಿಸಬೇಕಾಯಿತು.

ಕೆಲವು ದಿನ ಅವಳು ಬರುತ್ತಲೇ ಇರಲಿಲ್ಲ. ಮರುದಿನ ಕೇಳಿದರೆ, "ಅಮ್ಮನಿಗೆ ಸಮಾಧಾನ ಬರಲಿಲ್ಲ," ಅನ್ನುತ್ತಿದ್ದಳು. ಜಗಳವೇನೋ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ಅವರ ಮನೆಯ ಪದ್ಧತಿ. ಮಗಳು ಹೊರಡುವ ಮುಂಚೆ ಅಮ್ಮ ಬಾಗಿಲಲ್ಲಿ ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಬೇಕು. ಪ್ರಾರ್ಥನೆ ಮುಗಿದಾಗ ಮನಸ್ಸಿಗೆ ಸಮಾಧಾನ ಬಂದರೆ ದೇವರು ಹೂಂ ಅಂದ ಹಾಗೆ. ಬರದಿದ್ದರೆ ಬೇಡ ಅಂದ ಹಾಗೆ, ಬ್ಯಾಗು ವಾಪಸ್ ಗೂಟಕ್ಕೆ. ಹೀಗೆ ಸಮಾಧಾನ ಬಾರದೆ ಒಂದು ದೊಡ್ಡ ಆಸ್ಪತ್ರೆಯ ಕೆಲಸ ಕೈತಪ್ಪಿತ್ತು. ಜೀವದ ಗೆಳತಿಯ ಮದುವೆ ತಪ್ಪಿತ್ತು. ಒಳ್ಳೆಯ ಸಂಬಂಧವೊಂದು ಗೇಟಿನವರೆಗೆ ಬಂದು ತಿರುಗಿ ಹೋಗಿತ್ತು. ಕಾರು ಕಲಿಯುವ ವಿಷಯವನ್ನಂತೂ ಅವಳು ಮನೆಯಲ್ಲಿ ಬಾಯಿಬಿಟ್ಟೇ ಇರಲಿಲ್ಲ. ಕ್ಲಿನಿಕ್ಕಿನಲ್ಲಿ ತರಬೇತಿ ಅಂತ ಹೇಳಿ ಬರುತ್ತಿದ್ದಳು.

"ಅಮ್ಮ ಕೆಟ್ಟವಳಲ್ಲ," ಅಂದಳು ಒಮ್ಮೆ, ಖಾಲಿ ಮೈದಾನದ ಪಕ್ಕ ಕಾರು ನಿಲ್ಲಿಸಿ. "ಅದೇ ಕಷ್ಟ. ಕೆಟ್ಟವಳಾಗಿದ್ರೆ ಬಾಗಿಲು ತಳ್ಕೊಂಡು ಹೋಗಿರ್ತಿದ್ದೆ. ಪ್ರೀತಿಯಿಂದ ಹಾಕಿದ ಚಿಲಕ ಎಲ್ಲಿರತ್ತೆ ಅಂತಾನೇ ಗೊತ್ತಾಗಲ್ಲ."

ನನ್ನ ಕಾಲ ಬಳಿಯಿದ್ದ ಪೆಡಲನ್ನು ಆಮೇಲೆ ಬಹಳ ಹೊತ್ತು ನೋಡಿದಳು. ಕಲಿಸುವ ಕಾರಿನಲ್ಲಿ ಎರಡು ಬ್ರೇಕ್, ಅವಳದೊಂದು, ನನ್ನದೊಂದು. ಅವಳು ತಪ್ಪಿದರೆ ನಾನು ತುಳಿಯಬೇಕು.

"ದೇವರ ಹತ್ರಾನೂ ಇಂಥದ್ದೊಂದು ಇದ್ಯಾ ಮೇಷ್ಟ್ರೇ?"

"ಇದ್ದಿದ್ರೆ ನನ್ನ ಕೆಲಸ ಹೋಗ್ತಿತ್ತು."

ಅವಳು ನಗಲಿಲ್ಲ. ಅಪ್ಪನ ವಿಷಯ ಹೇಳಿದಳು. ಒಂದು ಬೆಳಿಗ್ಗೆ ಅವಸರದಲ್ಲಿ ಪ್ರಾರ್ಥನೆಗೆ ನಿಲ್ಲದೆ ಕಾರು ಹತ್ತಿದ್ದರಂತೆ, ಅಪಘಾತವಾಗಿ ಮತ್ತೆ ಮನೆಗೆ ಬರಲೇ ಇಲ್ಲ. ಅವತ್ತಿನಿಂದ ಅಮ್ಮ ಆ ಬಾಗಿಲಲ್ಲಿ ನಿಂತವಳು ಇನ್ನೂ ನಿಂತೇ ಇದ್ದಾಳೆ ಅಂದಳು. ನನಗೆ ಸಂಕಟವಾಯಿತು. ಅವಳ ಕೈ ಗೇರಿನ ಮೇಲಿತ್ತು, ಅದರ ಮೇಲೆ ನನ್ನ ಕೈಯಿಡಬೇಕು ಅನ್ನಿಸಿತು. ಇಡಲಿಲ್ಲ. ಮೇಷ್ಟ್ರು ಅನ್ನಿಸಿಕೊಂಡವನಿಗೆ ಎಷ್ಟೊಂದು ಅಡ್ಡಿ.

ಅಂದಿನಿಂದ ಒಂದು ಎಡವಟ್ಟಾಯಿತು. ಅವಳು ಚೆನ್ನಾಗಿ ಕಲಿತಷ್ಟೂ ನನ್ನ ಕಾಲು ಪೆಡಲ್ ಬಿಟ್ಟು ಕದಲದಾಯಿತು. ಬೇರೆ ಶಿಷ್ಯರು ಗೋಡೆಗೆ ಗುದ್ದುವಂತೆ ಹೋದರೂ ಆಕಳಿಸುತ್ತಾ ಕೂರುವವನು ನಾನು. ಅವಳು ತಿರುವಿನಲ್ಲಿ ಸ್ವಲ್ಪ ವೇಗ ಇಟ್ಟರೆ ಎದೆ ಧಸಕ್ಕೆನ್ನುತ್ತಿತ್ತು. ಇವಳಿಗೇನಾದರೂ ಆದರೆ ನಾನು ಏನು ಮಾಡಲಿ ಅನ್ನುವ ಯೋಚನೆ ಊಟದ ಹೊತ್ತಿನಲ್ಲೂ ಬರುತ್ತಿತ್ತು.

ಟೆಸ್ಟಿನ ದಿನ ಅವಳ ಮುಖ ಬಿಳಿಚಿಕೊಂಡಿತ್ತು. ಅಮ್ಮನಿಗೆ ಸಮಾಧಾನ ಬಂದಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಆ ಕೈಯ ಕೆಳಗಿಂದ ತಲೆ ತಪ್ಪಿಸಿಕೊಂಡು ಬಂದಿದ್ದಳು. ಪರೀಕ್ಷಕರು ಹಿಂದಿನ ಸೀಟಿನಲ್ಲಿ ಕೂತರು. ನಿಯಮದಂತೆ ನಾನು ನನ್ನ ಜಾಗದಲ್ಲಿ, ಬಾಯಿ ಕಾಲು ಎರಡೂ ಕಟ್ಟಿಕೊಂಡು. ಅವಳು ಹೂವು ಎತ್ತಿದ ಹಾಗೆ ಕಾರು ಎತ್ತಿದಳು. ಪೇಟೆ, ತಿರುವು, ಸಿಗ್ನಲ್ಲು, ಎಲ್ಲ ಸಲೀಸು. ಶಾಲೆಯ ರಸ್ತೆಗೆ ಬಂದಾಗ ನಿಂತಿದ್ದ ವ್ಯಾನಿನ ಮರೆಯಿಂದ ಒಬ್ಬ ಮುದುಕ ಸೈಕಲ್ ತಳ್ಳಿಕೊಂಡು ರಸ್ತೆಗಿಳಿದ.

ನಾನು ತುಳಿದೆ.

ಕಾರು ಜರ್ಕ್ ಹೊಡೆದು ನಿಂತಿತು. ಮುದುಕ ದೂರದಲ್ಲೇ ಇದ್ದ, ನಮ್ಮನ್ನು ನೋಡದೆಯೇ ದಾಟಿ ಹೋದ. ಯಾರ ಬ್ರೇಕ್ ಅದು ಅಂತ ಹಿಂದಿನಿಂದ ಪ್ರಶ್ನೆ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಕಾಲು ಹಿಂದಕ್ಕೆಳೆದುಕೊಂಡೆ. ಮೇಷ್ಟ್ರು ಬ್ರೇಕ್ ಮುಟ್ಟಿದರೆ ಫೇಲ್. ಎರಡು ಮಾತಿಲ್ಲ.

ಪರೀಕ್ಷಕರು ಇಳಿದುಹೋದ ಮೇಲೆ ಅವಳು ಸ್ಟಿಯರಿಂಗ್ ಬಿಡದೆ ಹಾಗೇ ಕೂತಿದ್ದಳು.

"ನಾನು ನೋಡಿದ್ದೆ. ನನ್ನ ಕಾಲು ಆಗ್ಲೇ ಬ್ರೇಕ್ ಮೇಲಿತ್ತು."

"ಗೊತ್ತು."

"ಮತ್ತೆ ಯಾಕೆ?"

ಹೇಳಬಹುದಿತ್ತು. ಅಭ್ಯಾಸಬಲ ಅಂದೆ.

"ಮನೇಲಿ ಅಮ್ಮ, ಇಲ್ಲಿ ನೀವು," ಅಂದಳು. ಇಳಿದು ನಡೆದುಕೊಂಡೇ ಹೋದಳು.

ಆಮೇಲೆ ಅವಳ ಫೋನ್ ಬಂತು. ಮನೆಯಲ್ಲಿ ಎಲ್ಲ ಹೇಳಿಬಿಟ್ಟಳಂತೆ. ಮೇಷ್ಟ್ರು ಸುಮ್ಮಸುಮ್ಮನೆ ಬ್ರೇಕ್ ಹಾಕಿದರು ಅಂತಲೂ ಹೇಳಿದಳಂತೆ. ಅಮ್ಮ ಸಿಟ್ಟಾಗಲಿಲ್ಲವಂತೆ, ಕಣ್ಣೀರು ಹಾಕಿಕೊಂಡು ಸ್ತೋತ್ರ ಮಾಡಿದರಂತೆ. ಅವನ ಕಾಲನ್ನು ಒತ್ತಿಸಿದ್ದು ದೇವರೇ, ಮುಂದೆ ಇನ್ನೇನು ಕಾದಿತ್ತೋ, ದಾರಿ ಮುಚ್ಚಿ ಕಾಪಾಡಿದ ಅಂದರಂತೆ. ತಿಂಗಳು ಮುಗಿಯುವ ಮೊದಲು ಇನ್ನೊಂದು ಟೆಸ್ಟ್ ಇದೆ ಅಂತ ನಾನು ತೊದಲಿದೆ. "ಇದಕ್ಕೆ ಏನಂತ ಉತ್ತರ ಕೊಡ್ಲಿ ಮೇಷ್ಟ್ರೇ? ಇನ್ನು ಬರಲ್ಲ," ಅಂದು ಫೋನ್ ಇಟ್ಟಳು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ನನ್ನ ಪುಕ್ಕಲುತನವನ್ನು ಯಾರೋ ತೊಳೆದು ಇಸ್ತ್ರಿ ಮಾಡಿ ದೇವರಿಗೆ ತೊಡಿಸಿದ್ದರು. ಅದಕ್ಕೆ ಉತ್ತರ ಕೊಡಬಲ್ಲವನು ನಾನೊಬ್ಬನೇ. ಸಂಜೆ ಅವರ ಮನೆಗೆ ಹೋದೆ.

ಅಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಸಣ್ಣ ಕೋಣೆ, ಕಿಟಕಿಗಳೆಲ್ಲ ಮುಚ್ಚಿ, ಹೊಸ ಬಟ್ಟೆಯ ಗಂಜಿ ವಾಸನೆ. ಕೊನೇ ಬೆಂಚಿನವನ ಗುರುತು ಅವರಿಗೆ ಸಿಗಲಿಲ್ಲ. ಯಾರು ಅಂತ ಹೇಳಿದ ಮೇಲೆ ಥ್ಯಾಂಕ್ಸ್ ಹೇಳಿದರು. ಅದು ಇನ್ನೂ ಚುಚ್ಚಿತು.

"ಆಂಟಿ, ನನ್ನ ಕಾಲನ್ನ ದೇವರು ಒತ್ತಿಸ್ಲಿಲ್ಲ. ಒತ್ತಿದ್ದು ನಾನು."

ಸೂಜಿ ನಿಂತಿತು.

"ನಿಮ್ಮ ಮಗಳು ಒಂದು ಚೂರೂ ತಪ್ಪು ಮಾಡ್ಲಿಲ್ಲ. ನನಗೆ ಹೆದರಿಕೆ ಆಯ್ತು. ಬೇರೆ ಯಾರ ಪಕ್ಕದಲ್ಲಿ ಕೂತ್ರೂ ಆಗದ ಹೆದರಿಕೆ, ಇವರ ಪಕ್ಕದಲ್ಲಿ ಮಾತ್ರ ಆಗತ್ತೆ. ಇವರಿಗೆ ಏನಾದ್ರೂ ಆದ್ರೆ ನಾನು ಬದುಕೋದು ಹ್ಯಾಗೆ ಅಂತ. ನನಗೆ ಇವರಂದ್ರೆ ಅಷ್ಟು ಇಷ್ಟ. ಅದನ್ನ ಹೇಳೋ ಧೈರ್ಯ ಇರ್ಲಿಲ್ಲ, ಬ್ರೇಕ್ ತುಳಿದುಬಿಟ್ಟೆ."

ಒಳಬಾಗಿಲಲ್ಲಿ ಅವಳು ನಿಂತಿದ್ದಳು, ಒದ್ದೆ ಕೈ, ಹೆಗಲ ಮೇಲೆ ಟವೆಲ್ಲು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಾನು ನೆಲ ನೋಡಿದೆ.

ಅಮ್ಮ ಯಂತ್ರದಿಂದ ಬಟ್ಟೆ ಬಿಡಿಸಿ ಪಕ್ಕಕ್ಕಿಟ್ಟರು. ಆಮೇಲೆ, ಆ ಹೆದರಿಕೆ ಹೇಗಿರುತ್ತದೆ ಅಂತ ಕೇಳಿದರು. ಎದೆ ಬಿಗಿಯುತ್ತದೆ, ಬುದ್ಧಿಗೆ ಗೊತ್ತಾಗುವ ಮೊದಲೇ ಕಾಲು ಓಡಿರುತ್ತದೆ ಅಂದೆ.

"ಇಲ್ಲಿ ಬಿಗಿಯತ್ತೆ, ಅಲ್ವಾ?" ಅವರು ಕತ್ತಿನ ಕೆಳಗೆ ಕೈಯಿಟ್ಟುಕೊಂಡರು. "ನನಗೂ ಇಲ್ಲೇ. ದಿನಾ ಬಾಗಿಲಲ್ಲಿ. ನಾನು ಅದನ್ನ ದೇವರ ಮಾತು ಅಂದ್ಕೊಂಡಿದ್ದೆ."

ಅವಳು ಬಂದು ಅಮ್ಮನ ಪಕ್ಕ ನೆಲದ ಮೇಲೆ ಕೂತಳು.

"ಅಪ್ಪ ಪ್ರಾರ್ಥನೆ ಮಾಡ್ದೆ ಹೋದ್ರು, ಅದಕ್ಕೆ ದೇವರು ಕೈಬಿಟ್ಟ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೀಯ. ದೇವರು ಕೈಬಿಡ್ಲಿಲ್ಲ ಅಮ್ಮ. ಆ ಕಾರಲ್ಲೂ ಅಪ್ಪನ ಜೊತೆ ಕೂತಿದ್ದ. ಕೊನೇವರೆಗೂ ಕೂತಿದ್ದ. ನಾನು ಹಾಗೇ ನಂಬಿರೋದು."

ಅಮ್ಮ ಅವಳ ತಲೆಯನ್ನು ಮಡಿಲಿಗೆಳೆದುಕೊಂಡು ಅತ್ತರು. ನಾನು ಎದ್ದು ಬಂದೆ, ಅದು ಅವರಿಬ್ಬರ ಹೊತ್ತು.

ಎರಡನೇ ಟೆಸ್ಟಿಗೆ ಅವಳ ಪಕ್ಕದಲ್ಲಿ ಕೂರಲು ನಮ್ಮ ಡ್ರೈವಿಂಗ್ ಸ್ಕೂಲಿನ ಯಜಮಾನಿಯನ್ನು ಕೇಳಿಕೊಂಡೆ. ಆ ಬೆಳಿಗ್ಗೆ ಯಜಮಾನಿ ಕಾರಿನಲ್ಲಿ ಕಾಯುತ್ತಿದ್ದರು, ನಾನು ಅವರ ಮನೆಯ ಗೇಟಿನಲ್ಲಿ ನಿಂತಿದ್ದೆ. ಬಾಗಿಲಲ್ಲಿ ಅಮ್ಮನ ಕೈ ಮಗಳ ತಲೆಯ ಮೇಲಿತ್ತು. ಪ್ರಾರ್ಥನೆ ಮುಗಿಯಿತು. ಕೈ ಅಲ್ಲೇ ಇತ್ತು. ಅವಳು ಕಣ್ಣೆತ್ತಿ ಅಮ್ಮನನ್ನು ನೋಡಿದಳು.

"ಸಮಾಧಾನ ಬಂದಿಲ್ಲ ಕಣೇ," ಅಂದರು ಅಮ್ಮ. ಕೈ ತೆಗೆದರು. "ಹೋಗ್ಬಾ."

ಅವಳು ಗೇಟಿಗೆ ಬಂದಳು. ನಾನೂ ಹಿಂದಿನ ಸೀಟಿನಲ್ಲಿ ಟೆಸ್ಟಿನ ಜಾಗದವರೆಗೆ ಬರಲೇ ಅಂತ ಕೇಳಿದೆ. ಬೇಡ ಅಂದಳು. ನೇರವಾಗಿ, ಕನ್ನಡಿಯ ಸಹಾಯವಿಲ್ಲದೆ, ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ನನಗೂ ನಿಮ್ಮನ್ನ ಕಂಡ್ರೆ ಇಷ್ಟ. ಪಾಸಾದ್ರೂ, ಫೇಲಾದ್ರೂ. ಈಗ್ಲೇ ಯಾಕೆ ಹೇಳ್ತಿದ್ದೀನಿ ಅಂದ್ರೆ, ಆಮೇಲೆ ಲೈಸೆನ್ಸ್ ಸಿಕ್ಕ ಖುಷೀಲಿ ಅಂದ್ಬಿಟ್ಳು ಅಂತ ನೀವು ಅನುಮಾನ ಪಡಬಾರ್ದು. ಹೋಗಿ, ಅಮ್ಮನ ಹತ್ರ ಕೂತಿರಿ."

ಪಾಸಾದಳು. ಈಗ ದಿನಾ ಅದೆಷ್ಟೋ ಮನೆಗಳಿಗೆ ಹೋಗುತ್ತಾಳೆ. ಆದರೆ ನನಗೆ ಹೇಳಬೇಕಾದದ್ದು ಅವಳು ಆ ದಿನ ವಾಪಸ್ ಬರುವ ಮುಂಚಿನ ಹೊತ್ತಿನದು.

ಅಮ್ಮನೂ ನಾನೂ ಆ ಸಣ್ಣ ಕೋಣೆಯಲ್ಲಿ ಎದುರುಬದುರು ಕೂತಿದ್ದೆವು. ಹೊರಗೆ ಯಾವ ಗಾಡಿ ಸದ್ದಾದರೂ ಇಬ್ಬರೂ ಒಟ್ಟಿಗೇ ಬೆಚ್ಚುತ್ತಿದ್ದೆವು. ಅವರು ಪ್ರಾರ್ಥಿಸಲು ಕಣ್ಣು ಮುಚ್ಚಿದರು. ಕಾಪಾಡು ಅಂತ ಶುರು ಮಾಡಿದರು, ನಿಲ್ಲಿಸಿದರು. "ನೀನು ಅವಳ ಜೊತೆ ಇದ್ದೀಯ," ಅಂದರು. ಮತ್ತೇನೂ ಕೇಳಲಿಲ್ಲ. ಕೊನೆಯ ಆಮೆನ್ ಅನ್ನು ಅಂದು ನಾನು ಕೂತೇ ಹೇಳಿದೆ.

ಅವಳು ಗೇಟಿನಲ್ಲಿ ಏನಂದಳು ಅಂತ ಕೇಳಿದರು. ಇಷ್ಟ ಅಂದಳು ಅಂತ ಹೇಳುವಾಗ ನನ್ನ ಕಿವಿ ಬಿಸಿಯಾಗಿತ್ತು.

ಅಮ್ಮ ಎದ್ದು ಮುಚ್ಚಿದ್ದ ಕಿಟಕಿಯೊಂದನ್ನು ತೆರೆದರು. ರಸ್ತೆ ಕಾಣುವ ಹಾಗೆ ನನ್ನ ಕುರ್ಚಿಯನ್ನು ತಮ್ಮ ಕುರ್ಚಿಯ ಪಕ್ಕಕ್ಕೆ ಎಳೆದರು.

"ಬಾ, ಇಲ್ಲಿ ಕೂತ್ಕೋ," ಅಂದರು. "ಇಷ್ಟು ವರ್ಷ ಒಬ್ಬಳೇ ಹೆದರಿ ಹೆದರಿ ಸಾಕಾಗಿದೆ."