ಸಾಕವ್ವ ಕೂತು ಕುಡಿದ ಕಾಫಿ

ಏಳು ಸಮುದ್ರದಾಚೆ ಅಂತೆಲ್ಲ ಹೇಳುವುದಿಲ್ಲ. ಮೂರು ಬೆಟ್ಟ ದಾಟಿದರೆ ಸಾಕು, ಬಹಳ ಹಿಂದೆ ಅಲ್ಲಿ ಜಾಲಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಯಾರೂ ಕೂರುತ್ತಿರಲಿಲ್ಲ. ರಾಜ ನಡೆದಾಡುತ್ತಲೇ ತೀರ್ಪು ಹೇಳುತ್ತಿದ್ದ. ಮದುಮಗ ಮದುಮಗಳ ಹಿಂದೆ ಓಡುತ್ತಲೇ ತಾಳಿ ಕಟ್ಟುತ್ತಿದ್ದ. ಗಾಳಿಗಣ್ಣನೆಂಬ ಮಾಂತ್ರಿಕ ಎಲ್ಲರ ಕಾಲಿಗೂ ಚಡಪಡಿಕೆ ಕಟ್ಟಿಬಿಟ್ಟಿದ್ದ. ಆ ಮಾಟಕ್ಕೆ ವರ್ಷ ತುಂಬಿದ ದಿನ ಸೂರ್ಯ ನೆತ್ತಿಗೆ ಬಂದೊಡನೆ ಊರಿಗೆ ಊರೇ ಹಕ್ಕಿಗಳಾಗಿ ಅವನ ಪಂಜರ ಸೇರಬೇಕಿತ್ತು.

ಆ ದಿನ ಬಂದೇಬಿಟ್ಟಿತು. ನೇಕಾರರ ಸಾಕವ್ವ ನೋಡುತ್ತಾಳೆ, ತಂಗಿ ಚೆಲುವಿಯ ಭುಜದಲ್ಲಿ ಆಗಲೇ ಗರಿ ಮೂಡಿದೆ! ತಾಯಿಯಿಲ್ಲದ ಕೂಸೆಂದು ತಾನೇ ಎತ್ತಿ ಬೆಳೆಸಿದ ತಂಗಿ. ಸಾಕವ್ವನ ಎದೆ ಒಡೆದುಹೋಯಿತು. ಪಕ್ಕದ ಓಣಿಯಲ್ಲಿ, ವಿಯೆಟ್ನಾಮಿನಿಂದ ಹಡಗು ಹತ್ತಿ ಬಂದ ಲಾನ್ ಅಜ್ಜಿಯ ಪುಟ್ಟ ಕಾಫಿ ಅಂಗಡಿಯಿತ್ತು. ಪರದೇಶದವಳಿಗೆ ಮಾಟ ತಟ್ಟಿರಲಿಲ್ಲ. ಸಾಕವ್ವ ಅಲ್ಲಿಗೇ ಓಡಿದಳು.

“ಅಜ್ಜೀ, ಏನಾದ್ರೂ ಮಾಡು!”

“ಕೂತ್ಕೋ ಮಗಳೇ. ನನ್ನ ಕಾಫಿ ತೊಟ್ಟು ತೊಟ್ಟಾಗಿ ಇಳಿಯುತ್ತೆ. ಕೊನೇ ತೊಟ್ಟು ಬೀಳೋವರೆಗೂ ನಿಮ್ಮೂರಿನವರೊಬ್ಬರು ಏಳದೆ ಕೂತ್ರೆ ಮಾಟ ಮುರಿಯುತ್ತೆ. ವರ್ಷದಿಂದ ಹೇಳ್ತಾನೇ ಇದ್ದೀನಿ, ನಿಂತು ಕೇಳೋರು ಯಾರು?”

ಅಜ್ಜಿ ಲೋಟಕ್ಕೆ ಗಟ್ಟಿ ಸಿಹಿಹಾಲು ಸುರಿದು, ಮೇಲೆ ತಗಡಿನ ಫಿಲ್ಟರ್ ಇಟ್ಟಳು. ಟಪ್... ಟಪ್... ಕೂತ ಸಾಕವ್ವನ ಕಾಲು ಕುಣಿಯತೊಡಗಿತು. ತಡೆಯಲಾಗದೆ, ಮನೆಯಲ್ಲಿ ಡಿಕಾಕ್ಷನ್ ಇಳಿಯದಿದ್ದಾಗ ಮಾಡುವಂತೆ, ಫಿಲ್ಟರಿನ ತಲೆಗೆ ಟಣಟಣ ಎಂದು ಎರಡೇಟು ಕೊಟ್ಟಳು. ಫಿಲ್ಟರ್ ಮಗುಚಿ ಪುಡಿಯೆಲ್ಲ ಲೋಟದ ಪಾಲಾಯಿತು.

“ನಿಮ್ಮೂರ ಬುದ್ಧಿ!” ಎಂದು ಗದರಿ, ಅಜ್ಜಿ ಎರಡನೆಯ ಲೋಟವಿಟ್ಟಳು. ಅರ್ಧ ಇಳಿದಿತ್ತು. ಗಾಳಿಗಣ್ಣ ಮೂರು ತಲೆಯ ಹುಲಿಯಾಗಿ ಬಾಗಿಲಲ್ಲಿ ಗರ್ಜಿಸಿದ. ಸಾಕವ್ವ ಎದ್ದು ಬಿದ್ದು ಹಿತ್ತಲಿಗೆ ಓಡಿದಳು. ಆ ಲೋಟವೂ ಹೋಯಿತು.

“ಇದೇ ಕೊನೇ ಹಿಡಿ ಪುಡಿ,” ಎಂದು ಅಜ್ಜಿ ಮೂರನೆಯ ಲೋಟವಿಟ್ಟಳು. ಪಕ್ಕದಲ್ಲಿ ಮೂಲಂಗಿ, ಕೊತ್ತಂಬರಿ, ಹಸಿಮೆಣಸಿನಕಾಯಿ ತುಂಬಿದ ಮೊಳದುದ್ದದ ಬಿಸಿ ಬ್ರೆಡ್ಡು. ಈ ಸಲ ಹುಲಿ ಬರಲಿಲ್ಲ. ಚೆಲುವಿ ಬಂದಳು. ಅವಳ ಪಾದ ನೆಲ ಬಿಟ್ಟಿತ್ತು.

“ಅಕ್ಕಾ, ಹಾರಿ ಹೋಗ್ತಿದ್ದೀನಿ! ಎದ್ದು ಬಂದು ಹಿಡ್ಕೋ!”

ಸಾಕವ್ವನ ಜೀವ ಬಾಯಿಗೆ ಬಂತು. ಎದ್ದರೆ ಊರು ಹೋಯಿತು, ಏಳದಿದ್ದರೆ ತಂಗಿ ಹೋದಳು. ಅವಳು ಅಳುತ್ತಲೇ ಕುರ್ಚಿಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಬ್ರೆಡ್ಡನ್ನು ಚಾಚಿದಳು.

“ಚೆಲುವೀ, ಹಸಿದಿದ್ದೀಯ. ಮೊದಲು ತಿನ್ನು ಬಾ.”

ಚೆಲುವಿ ಗರಿಯ ಕೈಯಲ್ಲೇ ಬ್ರೆಡ್ಡು ಹಿಡಿದಳು. ಆದರೆ ಅದರ ಗಟ್ಟಿ ಹೊರಪದರವನ್ನು ಹಾರುತ್ತಾ ಕಚ್ಚಲು ಯಾರಿಂದಾದೀತು? ಅವಳು ಅಕ್ಕನ ಪಕ್ಕಕ್ಕೆ ಇಳಿದು, ಎರಡೂ ಕೈಯಲ್ಲಿ ಹಿಡಿದು, ಕರುಂ ಎಂದು ಕಚ್ಚಿದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು.

ಟಪ್. ಕೊನೆಯ ತೊಟ್ಟು ಬಿತ್ತು.

ಗರಿಗಳೆಲ್ಲ ಉದುರಿದವು. ಊರಿನ ಚಡಪಡಿಕೆಯೆಲ್ಲ ಗಾಳಿಗಣ್ಣನ ಕಾಲಿಗೇ ಸುತ್ತಿಕೊಂಡಿತು. ಅವನು ಮೂರೂ ಬೆಟ್ಟ ದಾಟಿ ಓಡಿದವನು ಮತ್ತೆ ಆ ಊರ ಕಡೆ ತಲೆ ಹಾಕಲಿಲ್ಲ.

ಸಾಕವ್ವ ಕಾಫಿಯ ಮೊದಲ ಗುಟುಕು ಕುಡಿದಳು. ಕಹಿ, ಆಮೇಲೆ ಸಿಹಿ. ಅಂದಿನಿಂದ ಜಾಲಗಿರಿಯ ಜನ ಸುಖವಾಗಿ ಕೂತು ಬಾಳಿದರು. ಅಂದು ಮಾತ್ರ, ಚೆಲುವಿ ಅಕ್ಕನ ತೊಡೆಯ ಮೇಲೆ ಕಾಲು ಚಾಚಿ ಅತ್ತುಬಿಟ್ಟಳು.

“ಅಕ್ಕಾ, ಕಾಲು ತುಂಬಾ ನೋಯ್ತಿದೆ.”

“ನೋಯ್ಲಿ ಕಂದಾ, ವರ್ಷವಿಡೀ ಕೂರದ ಕಾಲು,” ಎಂದು ಸಾಕವ್ವ ಅವಳ ಪಾದ ಒತ್ತುತ್ತಾ ಕೂತಳು.