ಮೇಷ್ಟ್ರು ಬೆಸೆದ ಒಂದೇ ಕಂಬ

ಆ ಭಾನುವಾರ ಒಂದೇ ಒಂದು ಕಂಬ ಬಾಕಿ ಇತ್ತು. ಅದಕ್ಕೂ ತಂತಿ ಬೆಸೆದುಬಿಟ್ಟರೆ ಮೇಷ್ಟ್ರ ಮನೆಗೆ ಬರಲು ನನಗೆ ನೆಪವೇ ಉಳಿಯುತ್ತಿರಲಿಲ್ಲ. ಮೂರು ತಿಂಗಳಲ್ಲಿ ಈ ಮನುಷ್ಯ ಒಂದು ಮಾತೂ ಬಿಚ್ಚಿ ಆಡಿರಲಿಲ್ಲ. ಇವರಿಗೆ ಬೇಕಾಗಿರುವುದು ನಾನೋ, ನನ್ನ ಕೈಕೆಲಸವೋ? ದೇವರಾಣೆಗೂ ನನಗೆ ಗೊತ್ತಿರಲಿಲ್ಲ.

ನನ್ನದು ಕಿವಿಗೆ ಹಾಕುವ ಮೆಷಿನ್‌ಗಳ ರಿಪೇರಿ. ಮೇಷ್ಟ್ರು ಭೂಗೋಳ ಪಾಠ ಮಾಡುವವರು. ತಮ್ಮ ಅಕ್ಕನ ಮೆಷಿನ್ ತಂದವರು, ಕೂದಲೆಳೆಯಂಥ ತಂತಿಯನ್ನು ನಾನು ಬೆಸೆಯುವುದನ್ನು ಬಾಯಿಬಿಟ್ಟುಕೊಂಡು ನೋಡಿದ್ದರು.

"ರೀ, ನಮ್ಮನೇಲಿ ಒಂದು ಪುಟ್ಟ ಯುರೋಪ್ ಇದೆ. ಅದರ ರೈಲಿಗೆ ಮೇಲೆ ಕರೆಂಟ್ ತಂತಿ ಎಳೀಬೇಕು. ಬರ್ತೀರಾ?"

ಹೋಗಿ ನೋಡಿದರೆ ಕೋಣೆ ತುಂಬ ಹಲಗೆ. ಅದರ ಮೇಲೆ ಹಿಮದ ಬೆಟ್ಟ, ಸುರಂಗ, ಸ್ಟೇಷನ್ನು, ಗೇಣುದ್ದದ ಕೆಂಪು ಇಂಜಿನ್. ಹಳಿಯುದ್ದಕ್ಕೂ ಪೆನ್ಸಿಲ್ ತುಂಡಿನಷ್ಟೆತ್ತರದ ಕಂಬಗಳು. ಸ್ಟೇಷನ್ ಬಾಗಿಲಿನ ಕಂಬವೊಂದನ್ನು ಮೇಷ್ಟ್ರೇ ಬೆಸೆದಿದ್ದರು.

"ಇದೇನ್ರೀ, ಬೆಸುಗೆನಾ, ಉಂಡೆನಾ? ಕಿತ್ತು ಸರಿ ಮಾಡ್ಲಾ?"

"ಬೇಡ ರೀ. ನನ್ನದೂ ಅಂತ ಒಂದಿರಲಿ." ಕಿವಿಯವರೆಗೂ ಕೆಂಪಾಗಿದ್ದರು.

ಸುರಂಗದಿಂದ ಶುರು ಮಾಡಿ, ಭಾನುವಾರಕ್ಕೆ ಮೂರ್ನಾಲ್ಕು ಕಂಬದಂತೆ ಸ್ಟೇಷನ್ ಕಡೆಗೆ ಬಂದೆ. ಒಂದೊಂದು ಬೆಸುಗೆಗೂ ಮೀಟರ್ ಹಿಡಿದು ಕರೆಂಟ್ ಹರಿಯುತ್ತದಾ ಎಂದು ನೋಡುತ್ತಿದ್ದೆ. ಅವರು ಚಿಮಟದಲ್ಲಿ ತಂತಿ ಹಿಡಿಯುತ್ತಿದ್ದರು. ಬೆರಳು ತಾಕಿದರೆ "ಸಾರಿ" ಎನ್ನುವುದು, ಆದರೆ ಬೆರಳನ್ನು ಮಾತ್ರ ಸರಿಸದಿರುವುದು! ರೈಲು ಓಡಿಸಿ ಎಂದರೆ, "ಎಲ್ಲಾ ಮುಗೀಲಿ" ಎನ್ನುತ್ತಿದ್ದರು.

ಒಂದೇ ಕಂಬ ಬಾಕಿ ಇದ್ದ ಆ ಭಾನುವಾರ ಮೇಷ್ಟ್ರು ಟೀ ತರಲು ಹೋದಾಗ ಅಕ್ಕ ಬಂದು ಗುಂಡಿ ಒತ್ತಿಬಿಟ್ಟರು. ರೈಲು ಜುಂಯ್ ಎಂದು ಹೊರಟಿತು.

"ಅಕ್ಕಾ! ತಂತಿನೇ ಇನ್ನೂ ಕೂಡಿಲ್ಲ, ಇದು ಹೇಗೆ ಓಡ್ತಿದೆ?"

"ಕರೆಂಟ್ ಹಳಿಯಿಂದ ಬರುತ್ತೆ ಕಣಮ್ಮಾ. ತಂತಿ ಬರೀ ಚೆಂದಕ್ಕೆ. ದಾರ ಕಟ್ಟಿದ್ರೂ ಸಾಕಿತ್ತು. ಅವನು ಹೇಳಿಲ್ವಾ?"

ಅಷ್ಟರಲ್ಲಿ ಕಪ್ಪುಗಳೊಂದಿಗೆ ಮೇಷ್ಟ್ರು ಬಾಗಿಲಲ್ಲಿ.

"ಮೂರು ತಿಂಗಳು ಮೀಟರ್ ಹಿಡಿದು ಕೂತಿದೀನಿ. ನನ್ನ ನೋಡಿದ್ರೆ ಪೆದ್ದಿ ಥರ ಕಾಣುತ್ತಾ?"

"ಅಯ್ಯೋ, ಮೊದಲ ದಿನವೇ ಹೇಳೋಣ ಅಂತಿದ್ದೆ. ದಾರ ಸಾಕು ಅಂದ್ರೆ ನೀವು ಮತ್ತೆ ಬರಲ್ಲ ಅನ್ನಿಸ್ತು."

"ಅಂದ್ರೆ?"

"ಅಂದ್ರೆ… ಅದೇ…"

"ಬಾಯಿಗೆ ಬೀಗ ಹಾಕ್ಕೊಂಡಿದೀಯೇನೋ?" ಎಂದರು ಅಕ್ಕ.

ಸಿಟ್ಟು ಬಂದಿತ್ತು, ಖುಷಿಯೂ ಆಗಿತ್ತು. ಅಳಬೇಕೋ ನಗಬೇಕೋ ತಿಳಿಯದೆ ರೈಲು ನಿಲ್ಲಿಸಿ, ಕೂತು ಕೊನೆಯ ಕಂಬವನ್ನೂ ಬೆಸೆದೆ. ಆಮೇಲೆ ಹಲಗೆಯಡಿ ನುಗ್ಗಿ, ಒಂದು ಹಳಿಗೆ ಬರುತ್ತಿದ್ದ ವೈರ್ ಬಿಚ್ಚಿ, ಸುರಂಗದ ಬಳಿ ನನ್ನ ತಂತಿಗೆ ಜೋಡಿಸಿದೆ. ಕರೆಂಟನ್ನು ಹಳಿಯಿಂದಲ್ಲ, ತಂತಿಯಿಂದ ತಗೋ ಎನ್ನುವ ಸಣ್ಣ ಸ್ವಿಚ್ಚೊಂದು ಇಂಜಿನ್ನಿನ ಹೊಟ್ಟೆಯಡಿ ಇತ್ತು. ಅದನ್ನೂ ಬದಲಿಸಿದೆ.

"ರೀ, ಅದು…"

"ಸುಮ್ನಿರಿ. ನಾನು ಎಳೆದ ತಂತಿ ಚೆಂದಕ್ಕಿರೋದಲ್ಲ."

ಗುಂಡಿ ಒತ್ತಿದೆ. ಸುರಂಗದಿಂದ ಹೊರಟ ಇಂಜಿನ್ ಸೇತುವೆ ದಾಟಿತು, ಬೆಟ್ಟ ಸುತ್ತಿತು. ಒಂದು ಬೆಸುಗೆಯಲ್ಲೂ ಮುಗ್ಗರಿಸಲಿಲ್ಲ. ಸ್ಟೇಷನ್ ಬಾಗಿಲಿಗೆ ಬಂದು ಗಕ್ಕನೆ ನಿಂತಿತು. ಸರಿಯಾಗಿ ಆ ಉಂಡೆಯ ಕೆಳಗೆ. ಅದನ್ನು ದಾಟಿ ಕರೆಂಟ್ ಹರಿಯುತ್ತಿರಲಿಲ್ಲ.

"ಇದು ನಂದು," ಎಂದರು ಮೇಷ್ಟ್ರು ಮೆಲ್ಲಗೆ.

"ಗೊತ್ತು."

ಕಪ್ಪುಗಳನ್ನು ಕೆಳಗಿಟ್ಟರು. "ರೀ, ನೀವಂದ್ರೆ ನಂಗೆ ತುಂಬಾ ಇಷ್ಟ. ಮೊದಲ ದಿನದಿಂದ್ಲೂ."

"ಇಷ್ಟು ಹೇಳೋಕೆ ನಲವತ್ತು ಕಂಬ ಬೇಕಿತ್ತಾ?" ಎಂದೆ. ಬೆಸೆಯುವ ಬಿಸಿ ಕಡ್ಡಿಯನ್ನು ಅವರ ಕೈಗಿತ್ತೆ. "ತಗೊಳ್ಳಿ, ಇದನ್ನ ನೀವೇ ಸರಿ ಮಾಡಿ. ನಾನು ಕೈ ಹಿಡ್ಕೋತೀನಿ."

ಅವರ ಕೈಯ ಮೇಲೆ ನನ್ನ ಕೈ; ಉಂಡೆ ಕರಗಿ ತಂತಿ ಕೂಡಿತು.

ರೈಲು ಸ್ಟೇಷನ್ ಸೇರಿದ್ದನ್ನು ನಾವಿಬ್ಬರೂ ನೋಡಲಿಲ್ಲ. ಆಮೇಲೆ ಅಕ್ಕ ಹೇಳಿದರು.