ತೊರಕೆ ಮೀನಿನ ದಿಂಬು

ಗುರುವಾರ ಬೆಳಿಗ್ಗೆ 9.40ಕ್ಕೆ ವಸ್ತುಸಂಗ್ರಹಾಲಯದ ಮೇಲ್ವಿಚಾರಕರು ಏದುಸಿರು ಬಿಡುತ್ತಾ ಠಾಣೆಗೆ ಬಂದು ದೂರು ಕೊಟ್ಟರು. ಕೋಟ್ಯಂತರ ವರ್ಷಗಳ ಹಿಂದೆ ಸಿಹಿನೀರಿನ ಕೆರೆಯಲ್ಲಿ ಈಜುತ್ತಿದ್ದ ತೊರಕೆ ಮೀನಿನ ಪಳೆಯುಳಿಕೆ ಕಾಣೆಯಾಗಿತ್ತು. ತಟ್ಟೆಯಂಥ ಮೈ, ಚಾವಟಿಯಂಥ ಬಾಲ, ಎಲ್ಲವೂ ಒಂದೇ ಕಲ್ಲಿನಲ್ಲಿ ಅಚ್ಚೊತ್ತಿದ ಅಪರೂಪದ ವಸ್ತು. ಎಫ್‌ಐಆರ್ ದಾಖಲಾಯಿತು.

11 ಗಂಟೆಗೆ ಇನ್ಸ್‌ಪೆಕ್ಟರಮ್ಮ ವಸ್ತುಸಂಗ್ರಹಾಲಯದ ಕೆಲಸದ ಕೋಣೆಯಲ್ಲಿ ಆ ಕಲ್ಲು ಇಡುತ್ತಿದ್ದ ಖಾನೆ ಎಳೆದು ನೋಡಿದರು. ಬೀಗ ಒಡೆದಿರಲಿಲ್ಲ. ಕಲ್ಲಿನಡಿ ಇಡುತ್ತಿದ್ದ ಮರಳಿನ ದಿಂಬೂ ಇರಲಿಲ್ಲ. ಮೂಲೆಯಲ್ಲಿ, ಯಾರೂ ಗಮನಿಸದ ಒಂದು ಚೀಟಿ: 'ಹೊರಗೆ. ಸೋಮವಾರ, ಸಂಜೆ 4.10.'

"ಮೇಡಂ, ಈ ಮಹಾಶಯ ಹಾಜರಿ ಹಾಕಿ ಕದ್ದಿದ್ದಾನೆ!" ಕಾನ್‌ಸ್ಟೆಬಲ್ ನಕ್ಕ.

ಇನ್ಸ್‌ಪೆಕ್ಟರಮ್ಮ ನಗಲಿಲ್ಲ. ಕಲ್ಲು ಕದ್ದದ್ದು ಸರಿ, ದಿಂಬು ಯಾಕೆ? ಮಲಗಿದ ಮಗುವನ್ನು ಹಾಸಿಗೆ ಸಮೇತ ಎತ್ತಿಕೊಂಡು ಹೋದ ಹಾಗಿದೆಯಲ್ಲ.

"ಚೀಟಿ ಇಡೋ ಪದ್ಧತಿ ಇದ್ಯಾ?"

"ಏನೇ ತೆಗೆದ್ರೂ ಇಡ್ಲೇಬೇಕು," ಎಂದರು ಮೇಲ್ವಿಚಾರಕರು.

"ಈ ಅಕ್ಷರ ಯಾರದು?"

ಮೇಲ್ವಿಚಾರಕರ ಮುಖ ಇಳಿಯಿತು. "ಸೂಜಿಯಣ್ಣಂದು. ಮೂವತ್ತು ವರ್ಷದಿಂದ ಸೂಜಿ ಹಿಡ್ದು ಕಲ್ಲಿಂದ ಮೂಳೆ ಬಿಡಿಸೋರು. ಮಂಗಳವಾರದಿಂದ ರಜೆ."

"ಜಗಳ ಏನಾದ್ರೂ?"

"ಹೊಸ ಗಾಜಿನ ಪೆಟ್ಟಿಗೆಗೆ ಕಲ್ಲು ದಪ್ಪ ಆಯ್ತು. ಬರೋ ಸೋಮವಾರ ಹಿಂಬದಿ ಕೊಯ್ಸೋದಿತ್ತು. ಅಲ್ಲೇನೋ ಇದೆ, ಕೊಯ್ಬೇಡಿ ಅಂತ ಬೆನ್ನು ಬಿದ್ದಿದ್ರು. ಬರೀ ಬಿರುಕು ಮೇಡಂ ಅದು!"

12.45ಕ್ಕೆ ಮೂವರೂ ಸೂಜಿಯಣ್ಣನ ಮನೆಗೆ ಹೋದರು. ಹೆಂಡತಿ ಬಾಗಿಲು ತೆರೆದರು. "ಬನ್ನಿ. ಮೂರು ದಿನದಿಂದ ಊಟದ ಮೇಜು ಆ ಮೀನಿಂದು. ನಾವು ನೆಲದ ಮೇಲೆ."

ಕಿಟಕಿಯ ಬೆಳಕಿನಲ್ಲಿ ಕಲ್ಲು ದಿಂಬಿನ ಮೇಲೆ ಬೋರಲಾಗಿ ಮಲಗಿತ್ತು. ಸೂಜಿಯಣ್ಣ ತಲೆ ಎತ್ತಲಿಲ್ಲ. "ಎರಡು ನಿಮಿಷ ತಾಯಿ. ಅಂಟು ಹಸಿ ಇದೆ."

ಇನ್ಸ್‌ಪೆಕ್ಟರಮ್ಮ ಕಾದರು.

"ನೀವೇ ತಂದಿದ್ದಾ?"

"ಹೌದು."

"ಮತ್ತೆ ಚೀಟಿ?"

"ಇಡದೆ ಖಾನೆ ಮುಚ್ಚೋಕೆ ಕೈ ಬರ್ಲಿಲ್ಲ."

ಅವರು ಭೂತಗನ್ನಡಿ ಕೊಟ್ಟರು. ಮೀನಿನ ಹೊಟ್ಟೆಯ ಜಾಗದಲ್ಲಿ ಅಂಗಿಯ ಗುಂಡಿಯಷ್ಟಗಲದ ಮೂರು ಮರಿಗಳು, ಬಾಲ ಮಡಚಿಕೊಂಡು, ಒತ್ತೊತ್ತಾಗಿ.

"ಇದು ಮೊಟ್ಟೆ ಇಡೋ ಮೀನಲ್ಲಮ್ಮ, ಹೆರೋದು."

ಮೇಲ್ವಿಚಾರಕರೂ ಬಗ್ಗಿ ನೋಡಿದರು. ಬಹಳ ಹೊತ್ತು ಎದ್ದೇಳಲಿಲ್ಲ. "ನಾನು ಬಿರುಕು ಅಂದಿದ್ದೆ," ಎಂದರು ಮೆಲ್ಲಗೆ.

ನೆರೆಯ ಇಬ್ಬರ ಸಮ್ಮುಖದಲ್ಲಿ ಪಂಚನಾಮೆಯಾಯಿತು: 'ಕಲ್ಲು ಒಂದು. ದಿಂಬು ಒಂದು. ಕಲ್ಲಿನೊಳಗೆ ಮರಿಗಳು ಮೂರು.'

"ಇನ್ನು ಇದು ಜಪ್ತಿಯಾದ ಸ್ವತ್ತು. ಕೋರ್ಟ್ ಹೇಳೋ ತನಕ ಯಾವ ಗರಗಸವೂ ಮುಟ್ಟೋ ಹಾಗಿಲ್ಲ," ಎಂದರು ಇನ್ಸ್‌ಪೆಕ್ಟರಮ್ಮ.

ಸೂಜಿಯಣ್ಣ ಮೂರು ದಿನಗಳಲ್ಲಿ ಮೊದಲ ಬಾರಿ ಬೆನ್ನು ನೆಟ್ಟಗೆ ಮಾಡಿದರು. ಹೇಳಿಕೆಯಲ್ಲಿ ಅವರು ಬರೆಸಿದ್ದು ಇಷ್ಟೇ: 'ಮರಿಗಳಿರುವುದು ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿರಲು ಆಗಲಿಲ್ಲ.'

2.20ಕ್ಕೆ ಬಂಧನ. ಹೊರಡುವ ಮುನ್ನ ಅವರು ಜೇಬಿನಿಂದ ಚೀಟಿ ತೆಗೆದು ಬರೆದು, ಖಾಲಿ ಮೇಜಿನ ಮೇಲಿಟ್ಟರು: 'ಹೊರಗೆ. ಗುರುವಾರ, 2.20.'

"ವಾಪಸ್ ಯಾವಾಗ ಅಂತ ಬರೀಲೇ ಇಲ್ವಲ್ಲ!" ಹೆಂಡತಿ ಗದರಿದರು, ಕಣ್ಣೊರೆಸಿಕೊಳ್ಳುತ್ತಾ.

ಮೇಲ್ವಿಚಾರಕರು ಪೆನ್ನು ಕೇಳಿದರು. "ಜಾಮೀನಿಗೆ ನಾನೇ ನಿಲ್ತೀನಿ, ಅಕ್ಕ," ಎಂದು ಕೆಳಗೆ ಬರೆದರು: 'ನಾಳೆ.'